ದೇವರ ಡಬ್ಬಿಯ ಅಕ್ಕಿ

ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತೇವೆ. ಅದು ದೇವರ ಪಾಲು. ತಿಂಗಳ ಮೊದಲ ಐತವಾರ ಆ ಡಬ್ಬಿಗಳನ್ನು ಚರ್ಚಿಗೆ ಒಯ್ದು, ಮುಂದೆ ಹಾಸಿದ ಬಿಳಿ ಬಟ್ಟೆಯ ಮೇಲೆ ಸುರಿಯುತ್ತೇವೆ. ಆ ರಾಶಿ ಕಷ್ಟದಲ್ಲಿರುವ ಯಾವುದಾದರೂ ಒಂದು ಮನೆಗೆ ಹೋಗುತ್ತದೆ. ಗಡಹಿಂಗ್ಲಜದ ನನ್ನ ತವರಿನಲ್ಲೂ ಹೀಗೇ, ಮದುವೆಯಾಗಿ ಬಂದ ಇಚಲಕರಂಜಿಯಲ್ಲೂ ಹೀಗೇ.

ಯಾವ ಮನೆಗೆ ಕೊಡಬೇಕೆಂದು ಹಿಂದಿನ ಐತವಾರವೇ ನಾಲ್ಕು ಹೆಂಗಸರು ಕೂತು ಗೊತ್ತುಮಾಡುವುದು. ಅವರಲ್ಲಿ ನಾನೂ ಒಬ್ಬಳಾಗಿದ್ದೆ. ಒಮ್ಮೆ ನಮ್ಮ ಓಣಿಯ ಕಡೇ ಮನೆಯವಳ ಮಾತು ಬಂತು. ಅವಳ ಗಂಡ ಕುಡುಕ.

"ಆಕಿಗೆ ಕೊಟ್ರ ಅಂವ ಮಾರಿ ಕುಡೀತಾನ. ದೇವರ ಅಕ್ಕಿ ಏನ್ ಬಿಟ್ಟಿ ಬಿದ್ದೈತೇನ್ರಿ?" ಎಂದೆ.

ತಿರುಗಿ ನೋಡಿದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ತಿಂಗಳ ಅಕ್ಕಿ ಬೇರೆ ಮನೆಗೆ ಹೋಯಿತು.

ಎರಡು ವರ್ಷದ ಮೇಲೆ, ಪಕ್ಕದ ಯಡ್ರಾವದಲ್ಲಿ ನನ್ನ ಗಂಡ ದುಡಿಯುತ್ತಿದ್ದ ಮಗ್ಗದ ಶೆಡ್ಡು ಬಂದ್ ಆಯಿತು. ಕೊಲ್ಹಾಪುರದ ಗುಜರಿಯವನು ಮಗ್ಗಗಳನ್ನು ಟ್ರಕ್ಕಿಗೆ ಹೇರಿಕೊಂಡು ಹೋದ. ನಾನು ಹೆಂಗಸರ ಕೂಟಕ್ಕೆ ಹೋಗುವುದನ್ನು ಬಿಟ್ಟೆ. ನನ್ನ ಜಾಗದಲ್ಲಿ ಕಡೇ ಮನೆಯವಳು ಕೂತಳು. ತವರಿಗೆ ಹೇಳಿ ಕಳಿಸಲು ಮಾನ ಅಡ್ಡ ಬಂತು. ಒಂದು ಬುಧವಾರ ಅಡುಗೆಮನೆಯಲ್ಲಿ ಬೇರೇನೂ ಉಳಿದಿರಲಿಲ್ಲ. ದೇವರ ಡಬ್ಬಿಗೆ ಕೈಹಾಕಿ ಮಕ್ಕಳಿಗೆ ಗಂಜಿ ಮಾಡಿದೆ. ನಾನೂ ಉಂಡೆ. ಸುಳ್ಳೇಕೆ, ರುಚಿಯಾಗಿಯೇ ಇತ್ತು.

ಬರುವ ಐತವಾರ ಖಾಲಿ ಡಬ್ಬಿ ಒಯ್ದರೆ ನಾಲ್ಕು ಮಂದಿ ಏನೆಂದಾರು? ಮಗ್ಗದ ಎಣ್ಣೆ ಒರೆಸಲೆಂದು ಗಂಡ ಇಟ್ಟುಕೊಂಡಿದ್ದ ನೂಲಿನ ವೇಸ್ಟನ್ನು ತಳಕ್ಕೆ ತುರುಕಿ, ಮೇಲೆ ಉಳಿದ ಎರಡು ಹಿಡಿ ಅಕ್ಕಿ ಹರಡಿದೆ. ಮೇಲಿನಷ್ಟನ್ನೇ ಸುರಿದು ಬಂದುಬಿಡುವ ಜಾಣತನ ನನ್ನದು. ಅಂದೇ ಸಭಾಪಾಲಕರ ಹೆಂಡತಿ ಎಲ್ಲರ ಕೈಯಿಂದ ಡಬ್ಬಿ ಈಸಿಕೊಂಡು ತಾವೇ ಸುರಿಯತೊಡಗಿದರು. ಎಣ್ಣೆ ನಾರುವ ನೂಲಿನ ಮುದ್ದೆ ಬಿಳಿ ಬಟ್ಟೆಯ ಮೇಲೆ ಧೊಪ್ಪನೆ ಬಿತ್ತು. ಅವರು ಅದನ್ನೆತ್ತಿ ಸೆರಗಿನೊಳಗೆ ಸೇರಿಸಿಕೊಂಡು ಹಾಡು ಮುಂದುವರಿಸಿದರು. ನಾನು ಡಬ್ಬಿಯನ್ನೂ ಬಿಟ್ಟು ಮನೆಗೆ ಓಡಿಬಂದೆ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಧ್ಯಾಹ್ನ ಕಡೇ ಮನೆಯವಳು ಬಂದಳು, ಸೊಂಟದ ಮೇಲೆ ಅಕ್ಕಿಯ ಚೀಲ.

"ನಮ್ಮ ಮನ್ಯಾಗ ಅಕ್ಕಿ ಇಲ್ಲಂತ ಯಾರ ಹೇಳಿದ್ರು ನಿನಗ?" ಸಿಡುಕಿದೆ.

"ಯಾರೂ ಹೇಳಿಲ್ರಿ ವೈನಿ. ನಿಮ್ಮನಿ ಅಣ್ಣಾರು ಕೆಲಸಕ್ಕ ಹೋಗೂದ ಕಾಣಲಿಲ್ಲ. ಹೋದ ಐತವಾರ ನಾನ ನಿಮ್ಮ ಹೆಸರ ಹೇಳಿದೆ. ಎಲ್ಲಾರೂ ಹೂಂ ಅಂದ್ರು."

ಹೋದ ಐತವಾರ. ನಾನು ಡಬ್ಬಿಗೆ ಕೈಹಾಕಿದ್ದು ಆಮೇಲೆ, ಬುಧವಾರ.

"ಇವತ್ತ ಡಬ್ಬ್ಯಾಗಿಂದ ಬಿದ್ದಿದ್ದ ನೋಡಿದ್ಯಾ?"

"ನೋಡಿದೆ ರೀ."

"ಆದ್ರೂ ತಂದಿ?"

"ಮತ್ತೇನ ಮಾಡ್ಲಿ? ನಿಮಗಂತ ಇಟ್ಟಿದ್ದು. ಹಿಡೀರಿ, ಭಾಳ ವಜ್ಜಿ ಐತಿ, ಕೈ ಸೋತಾವ."

ಕೃಪೆ, ಕೃಪೆ ಎಂದು ನಾನು ಸಣ್ಣವಳಿದ್ದಾಗಿನಿಂದ ಹಾಡಿದವಳು. ಅದನ್ನು ಕೈಯಲ್ಲಿ ಹಿಡಿಯುವುದು ಇಷ್ಟು ಮುಜುಗರದ್ದು ಎಂದು ಯಾರೂ ಹೇಳಿರಲಿಲ್ಲ. ನಿಂತಲ್ಲೇ ಅತ್ತುಬಿಟ್ಟೆ. ಹಳೆಯ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದರೆ, ಅವಳು "ಮೊದಲ ಅನ್ನಕ್ಕ ಇಡ್ರಿ, ಹುಡುಗ್ರು ಹಸದಾವು" ಎಂದಳು.

ಅಕ್ಕಿ ತೊಳೆಯುವ ಮುಂಚೆ ರೂಢಿಯಂತೆ ಒಂದು ಹಿಡಿ ತೆಗೆದೆ. ಹಾಕಲು ಡಬ್ಬಿ ಇರಲಿಲ್ಲ. ಅವಳು ಚೀಲದೊಳಗೆ ಕೈಯಿಟ್ಟು ನನ್ನ ಡಬ್ಬಿಯನ್ನು ತೆಗೆದಳು. ಎಣ್ಣೆಯ ವಾಸನೆ ಹೋಗುವಂತೆ ತಿಕ್ಕಿ ತೊಳೆದು ತಂದಿದ್ದಳು.