ಸಂಜೆ ಕರೆದೊಯ್ಯಲು ಯಾರು ಬರುತ್ತಾರೆ?

ಖಾನಾಪುರದ ಪಾಳಣಾಘರದಲ್ಲಿ ಅದು ನನ್ನ ಮೊದಲ ಸಂಜೆ. ಮಚ್ಛೆಯ ಕಾರ್ಖಾನೆಗಳಿಂದ ಹೆಂಗಸರನ್ನು ಹೊತ್ತು ತಂದ ಬಸ್ಸು ತಿರುವಿನಲ್ಲಿ ನಿಂತಿತು. ಇಳಿದವರಲ್ಲಿ ಒಬ್ಬಾಕೆ ಸೀದಾ ಒಳಗೆ ಬಂದು, "ನಡೀರಿ, ನಡೀರಿ" ಎಂದು ನಾಲ್ಕು ಮಕ್ಕಳನ್ನು ಎಬ್ಬಿಸಿದಳು. ಎರಡರ ಕೈ ಹಿಡಿದಳು, ಒಂದನ್ನು ಸೊಂಟಕ್ಕೇರಿಸಿದಳು, ಇನ್ನೊಂದಕ್ಕೆ ಸೆರಗಿನ ತುದಿ ಕೊಟ್ಟಳು, ಹೊರಟೇಹೋದಳು. ಅವುಗಳಲ್ಲಿ ಒಂದು ಮಾತ್ರ ಅವಳ ಮಗು ಎಂದು ಆಮೇಲೆ ತಿಳಿಯಿತು. ಯಾರೂ ಏನೂ ಕೇಳಲಿಲ್ಲ. ನಾನು ಹಾಲಿನ ಲೋಟ ಹಿಡಿದು ನಿಂತೇ ಇದ್ದೆ.

"ಹಿಂಗ್ಯಾಕ ನಿಂತ್ರಿ ಬಾಯಾರ? ಒಂದ ಓಣಿ ಮಕ್ಕಳು. ಬಸ್ಸಿನಿಂದ ಮೊದಲ ಇಳದಾಕಿ ಎಲ್ಲಾರ್ನೂ ಒಯ್ತಾಳ" ಎಂದರು ಜೈತೂನ್ ಆಪಾ.

ನಮ್ಮ ಮಂಡ್ಯ ಸೀಮೆಯಲ್ಲಿ ಇದನ್ನು ಓದುವ ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಾಳಣಾ ಎಂದರೆ ಮರಾಠಿಯಲ್ಲಿ ತೊಟ್ಟಿಲು. ಹೆಸರು ತೊಟ್ಟಿಲಮನೆ ಎಂದಿದ್ದರೂ ಇಲ್ಲಿರುವವರು ನಾಲ್ಕೈದು ವರ್ಷದ ಮಕ್ಕಳು. ಶಾಲೆ ಬಿಟ್ಟಮೇಲೆ ತಾಯಂದಿರು ದುಡಿದು ಬರುವ ತನಕ ಇವರ ಊಟ, ನಿದ್ದೆ, ಜಗಳ ಎಲ್ಲ ನಮ್ಮದು. ಅಂಗನವಾಡಿಯಲ್ಲಿ ವರ್ಷಗಟ್ಟಲೆ ಸಹಾಯಕಿಯಾಗಿದ್ದ ಜೈತೂನ್ ಆಪಾ ತಮ್ಮ ಮನೆಯ ಪಡಸಾಲೆಯಲ್ಲೇ ಇದನ್ನು ನಡೆಸುತ್ತಾರೆ. ಆಪಾ ಎಂದರೆ ಅಕ್ಕ. ಇಲ್ಲಿ ಬಾಯಾರು ಎಂದರೆ ಟೀಚರಮ್ಮ. ಅದು ನಾನು.

ಯಜಮಾನರಿಗೆ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಸ್ಟೋರಿನ ಕೆಲಸ ಸಿಕ್ಕಿ ನಾವು ಈ ಕಡೆ ಬಂದೆವು. ಮೊದಲು ಬೆಳಗಾವಿ ಪೇಟೆಯಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ. ಬೆಳಿಗ್ಗೆ ಅವರು ಹೋದರೆ ಸಂಜೆಯವರೆಗೆ ನಾನು ಮಾತಾಡುತ್ತಿದ್ದದ್ದು ತರಕಾರಿಯವನ ಹತ್ತಿರ ಮಾತ್ರ. ಅವನಿಗೂ ನನ್ನ ಕನ್ನಡ ಹಾಡಿನಂತೆ ಕೇಳುತ್ತಿತ್ತಂತೆ. ಬೇಸರಕ್ಕೆ ಅಲ್ಲೇ ಒಂದು ಮಕ್ಕಳ ಕ್ಲಬ್ಬಿಗೆ ಸೇರಿದೆ. ಹವಾನಿಯಂತ್ರಿತ ಕೋಣೆ, ಗೋಡೆ ತುಂಬ ಕಾರ್ಟೂನು. ಅಲ್ಲಿ ಕಾರ್ಡು ತೋರಿಸಿದವರಿಗೆ ಮಗು. ಒಂದು ದಿನ ಹೊಸ ಡ್ರೈವರ್ ಕಾರ್ಡು ತಂದ. ಕಾರ್ಡು ಸರಿಯಾಗಿತ್ತು. ಮಗು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳುತ್ತಿತ್ತು. ಬೆರಳು ಒಂದೊಂದಾಗಿ ಬಿಡಿಸಿ ಕಳಿಸಿದರು. ಮಾರನೆಯ ದಿನದಿಂದ ನಾನು ಹೋಗಲಿಲ್ಲ.

ಖಾನಾಪುರದಲ್ಲಿ ಅಂಗಳವಿರುವ ಮನೆ ಸಿಕ್ಕಿತು. ಬೆಳಗಾವಿಯಲ್ಲಿ ಕೇಳುವವರೇ ಇರಲಿಲ್ಲ; ಇಲ್ಲಿ ಕೇಳುವುದೇ ಕೆಲಸ. "ಊಟಾ ಆತೇನ್ರಿ?" ಎಂಬುದಕ್ಕೆ ಓಣಿಯ ಆ ತುದಿಯಿಂದ ಈ ತುದಿಯವರೆಗೆ ಉತ್ತರ ಕೊಡುತ್ತಾ ಬರಬೇಕು. ಮುದ್ದೆಗೆ ಬಾಯಿ ತುಡಿಯುತ್ತಿದ್ದರೂ ಶೇಂಗಾ ಹಿಂಡಿ, ಅಂದರೆ ಕಡಲೇಕಾಯಿ ಚಟ್ನಿಪುಡಿ, ಈಗ ನಾನೇ ಕುಟ್ಟುತ್ತೇನೆ. ಆಪಾ ರುಚಿ ನೋಡಿ, "ಖರೇ ನಮ್ಮಾಕಿ ಆದ್ರಿ" ಎಂದ ದಿನ ನನಗೆ ಹಬ್ಬ.

ಆದರೆ ಆ ಸಂಜೆಗಳು ನನಗೆ ಒಗ್ಗಲಿಲ್ಲ. ಸುವರ್ಣಾ ಎಂಬಾಕೆಯ ಮಗಳು ಸಾನ್ವಿ ಪ್ರತಿ ಬಸ್ಸಿನ ಸದ್ದಿಗೂ ತಟ್ಟೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಬಂದವರೆಲ್ಲರಿಗೂ ಎತ್ತಿಕೋ ಎಂದು ಎರಡೂ ಕೈ ಚಾಚುತ್ತಿದ್ದಳು. ಯಾರ ಜೊತೆ ಹೋಗುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಹಾಗಾಗಿ ನಾನೊಂದು ಪರಿಪಾಠ ಹಾಕಿದೆ. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ತಾಯಂದಿರು ಸಂಜೆ ಬರುವವರು ಯಾರೆಂದು ನನಗೆ ಹೇಳಿ ಹೋಗಬೇಕು. ಮಕ್ಕಳು ಬಂದು, ಕಾಲು ತೊಳೆದು, ಹಾಲಿಗೆ ಕೂತಾಗ ನಾನು ಒಬ್ಬೊಬ್ಬರಿಗೂ ಹೇಳುತ್ತೇನೆ: "ನಿನಗೆ ಇವತ್ತು ಅಜ್ಜಿ. ನಿನಗೆ ಅಮ್ಮ." ಬದಲಾದರೆ ನನಗೆ ಫೋನು ಮಾಡಬೇಕು. "ಮೈಸೂರ ಕಡಿ ಶಿಸ್ತು" ಎಂದು ತಾಯಂದಿರು ನಕ್ಕರು, ಆದರೆ ಒಪ್ಪಿದರು. ಸಾನ್ವಿ ಕೂತು ಉಣ್ಣತೊಡಗಿದಳು.

ಒಂದು ಸಂಜೆ ಬಸ್ಸು ಬರಲಿಲ್ಲ. ಮಿಕ್ಕ ಮಕ್ಕಳನ್ನು ಮನೆಯವರು ಕರೆದೊಯ್ದರು. ಸಾನ್ವಿ ಒಬ್ಬಳೇ ಉಳಿದಳು. ಸುವರ್ಣಾಳ ಫೋನು ಹತ್ತುತ್ತಿಲ್ಲ. ಆಗ ಬಂದವರು ಅವರ ಓಣಿಯ ಹಿಟ್ಟಿನ ಗಿರಣಿಯ ಈರಪ್ಪ ಕಾಕಾ. ಹುಬ್ಬಿನ ಮೇಲೆಲ್ಲ ಹಿಟ್ಟು.

"ಬಾ ಕೂಸ. ಬಸ್ಸಿಂದು ಏನ ಆಗೇತೋ ಏನೋ. ನಮ್ಮ ಮನ್ಯಾಗ ಬಿಸಿ ಅನ್ನ ಐತಿ."

ಸಾನ್ವಿ ಕಾಕಾನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಹಾಲಿನ ಹೊತ್ತಿಗೆ ಅವಳಿಗೆ "ಅಮ್ಮ ಬರ್ತಾಳೆ" ಎಂದಿದ್ದೆ.

"ಇವತ್ತು ಅವಳಮ್ಮನಿಗೇ ಕೊಡ್ತೀನಿ ಕಾಕಾ. ಕೂತ್ಕೊಳಿ, ಚಹಾ ಮಾಡ್ತೀನಿ."

"ಏನ್ರಿ ಬಾಯಾರ, ನಾ ಕಳ್ಳ ಅದೀನೇನ? ಈಕೀನ ಎತ್ತಿ ಆಡಿಸೀನಿ. ಈಕಿ ಅವ್ವನ್ನೂ ಎತ್ತಿ ಆಡಿಸೀನಿ."

"ನೀವು ಒಳ್ಳೆಯವರೇ. ಆದರೆ ಮಗುವಿಗೆ ನಾನು ಬೇರೆ ಹೇಳಿದ್ದೀನಿ."

"ಕೂಸಿಗೆ ಹೇಳಿದ್ದ ಮಾತಿಗೆ ಹಿರ್‍ಯಾನ ಬಾಗಲದಾಗ ನಿಂದರಸ್ತೀರಿ? ನಿಮ್ಮ ಊರಾಗ ಹಿಂಗ ಏನ?"

ಅವರು ಚಹಾ ಕುಡಿಯದೆ ಹೋದರು. ಕತ್ತಲಾದ ಮೇಲೆ ಸುವರ್ಣಾ ಓಡುತ್ತಾ ಬಂದಳು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು, ಫೋನಿನ ಚಾರ್ಜು ಮುಗಿದಿತ್ತು. ಕಾಕಾನ ಸುದ್ದಿ ಅವಳಿಗೆ ದಾರಿಯಲ್ಲೇ ಸಿಕ್ಕಿತ್ತು. ಉಪಕಾರವಾಯಿತು ಎನ್ನುವ ಬದಲು, "ನಮ್ಮ ಕಾಕಾರ್ನ ಹೊರಗ ಹಾಕಿದ್ರಂತ? ನಾ ಓಣ್ಯಾಗ ಹೆಂಗ ಮಾರಿ ತೋರಸ್ಲಿ?" ಎನ್ನುತ್ತಾ ಮಗಳನ್ನು ಎತ್ತಿಕೊಂಡಳು. ಸಾನ್ವಿ ಅವಳ ಭುಜದ ಮೇಲೆ ಗಲ್ಲವಿಟ್ಟು, "ನೀ ಬರ್ತೀ ಅಂತ ಬಾಯಾರು ಹೇಳಿದ್ರು" ಎಂದಳು.

ಮಾರನೆಯ ದಿನ ಆ ಓಣಿಯ ಒಂದು ಮಗುವೂ ಬರಲಿಲ್ಲ. ಸಾನ್ವಿಯೂ ಇಲ್ಲ. ಪಡಸಾಲೆಯಲ್ಲಿ ಅರ್ಧ ಚಾಪೆ ಖಾಲಿ.

"ಅರೆ ಬಾಯಾರ, ತಪ್ಪಾತು ಅಂತ ಒಂದ ಮಾತ ಅನ್ರಿ. ಬಾಯಿ ಸವೀತೈತೇನ?" ಎಂದರು ಆಪಾ. "ಮಕ್ಕಳ ಬರಲಿಲ್ಲಂದ್ರ ಬಾಗಲಾ ಹಾಕಬೇಕಾಗ್ತೈತಿ."

"ತಪ್ಪಾಯ್ತು ಅಂದುಬಿಟ್ಟರೆ, ನಾಳೆ ಮಕ್ಕಳಿಗೆ ಅಮ್ಮ ಬರ್ತಾಳೆ ಅಂದಾಗ ಅವು ಯಾಕೆ ನಂಬಬೇಕು ಆಪಾ? ಬೇಕಾದರೆ ನನ್ನನ್ನ ಬಿಡಿಸಿ. ಅದೊಂದು ಮಾತು ಮಾತ್ರ ಬರಲ್ಲ."

ಆಪಾ ನನ್ನನ್ನು ಬಿಡಿಸಲಿಲ್ಲ. ಗಿರಣಿಯ ಮುಂದೆ ಹೋಗುವಾಗ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಊಟವಾಯಿತೇ ಎಂದು ಕೇಳುವವರೂ ಕಡಿಮೆಯಾದರು. ನಾನು ತಲೆ ತಗ್ಗಿಸಲಿಲ್ಲ. ಹಿಟ್ಟನ್ನು ಆ ಗಿರಣಿಯಲ್ಲೇ ಬೀಸಿಸಿದೆ. ಈರಪ್ಪ ಕಾಕಾ ನನ್ನ ಡಬ್ಬಿಯನ್ನು ಎಲ್ಲರಿಗಿಂತ ಕೊನೆಗೆ ತೆಗೆದುಕೊಂಡರು. ನಾನೂ ಕೊನೆಯವರೆಗೆ ನಿಂತೆ.

ಒಂದು ಸಂಜೆ ಕಾಕಾ ಪಾಳಣಾಘರದ ಬಾಗಿಲಿಗೇ ಬಂದರು. ಒಳಗೆ ಬರಲಿಲ್ಲ.

"ನಿಮ್ಮ ಶಿಷ್ಯಾ ಸಾನ್ವಿ ಏನ ಮಾಡ್ಯಾಳ ಗೊತ್ತೈತೇನ್ರಿ? ನಮ್ಮ ಗಿರಣ್ಯಾಗ ಕುಂತಿದ್ಲು. ನಡಿ, ಮನಿಗೆ ಬಿಡ್ತೀನಿ ಅಂದೆ. 'ಅವ್ವ ನಿಮಗ ಹೇಳ್ಯಾಳೇನ?' ಅಂದ್ಲು! ಡಬ್ಬಿ ಹಿಡಕೊಂಡ ನಿಂತ ಹೆಂಗಸ್ರೆಲ್ಲಾ ನಕ್ಕರು. ಚೀಲಾ ಹಿಡದಾಕಿ ಬಿಡವಲ್ಲಳು. ಗಿರಣಿ ಬಂದ್ ಮಾಡಿ, ಅಕೀ ಅವ್ವ ಬರೂತನಾ ಬಾಜೂಕ ಕುಂತೆ."

ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ. ಇನ್ನ ಮ್ಯಾಲ ನಾ ಬರೂದಿದ್ರ ಮಧ್ಯಾಹ್ನನ ಹೇಳಿ ಕಳಸ್ತೀನಿ. ಆದ್ರ ತಪ್ಪಾತು ಅಂತ ಅನ್ನಂಗಿಲ್ಲ ನಾನು."

"ನಾನೂ ಅನ್ನಲ್ಲ ಕಾಕಾ."

"ಗೊತ್ತೈತಿ. ಚಹಾ ಇಡ್ರಿ."

ಮಾರನೆಯ ದಿನದಿಂದ ಚಾಪೆ ತುಂಬಿತು. ಸುವರ್ಣಾ ಈಗಲೂ ನನ್ನ ಜೊತೆ ಅಳೆದು ಮಾತಾಡುತ್ತಾಳೆ. ಆದರೆ ಬಸ್ಸಿಗೆ ಓಡುವಾಗ ಗೇಟಿನಿಂದಲೇ ಕೂಗುತ್ತಾಳೆ: "ಇವತ್ತ ನಾನ ಬರ್ತೀನಿ, ಹೇಳ್ರಿ ಆಕೀಗೆ!"

ಮೊನ್ನೆ ಮದುವೆಗೆಂದು ಊರಿಗೆ ಬಂದಿದ್ದೆನಲ್ಲ, ಆಗ ಅಕ್ಕನ ಮೊಮ್ಮಗು ನನ್ನ ತೊಡೆಯ ಮೇಲಿತ್ತು. ಯಾರೋ ಬಂದು ಎತ್ತಿಕೊಂಡು ಅಂಗಡಿ ಕಡೆ ಹೊರಟರು. ನಾನು ಎದ್ದು ಅಡ್ಡ ನಿಂತು, "ಯಾರ್ರೀ ನೀವು? ಮಗುವಿಗೆ ಹೇಳಿದ್ದೀರೇನ್ರೀ?" ಎಂದೆ. ಚಪ್ಪರವೆಲ್ಲ ನಕ್ಕಿತು. "ನಮ್ ಸಿದ್ದೇಗೌಡ ಕಣಮ್ಮಿ! ರೀ ಅಂತೆ ರೀ. ಬೆಳಗಾವಿಯವಳಾಗೋದೆ ನೀನು" ಎಂದಳು ಅಕ್ಕ. ಅವರು ನಗಲಿ. ಮಗು ಅಂಗಡಿಗೆ ಹೋಗುತ್ತೇನೆಂದು ತಲೆಯಾಡಿಸುವವರೆಗೆ ನಾನು ದಾರಿ ಬಿಡಲಿಲ್ಲ.

ಹಿಂದಿರುಗಿದ ಸಂಜೆ ಮತ್ತೆ ಬಸ್ಸು ತಡ. ಕೊನೆಗೆ ಉಳಿದವರು ಸಾನ್ವಿ ಮತ್ತು ನಾನು. ಒಗ್ಗರಣೆ ಹಾಕಿದ ಚುರುಮುರಿಯನ್ನು ಅವಳು ನಿಧಾನಕ್ಕೆ ಮೆಲ್ಲುತ್ತಿದ್ದಳು. ದೂರದಲ್ಲಿ ಹಾರ್ನ್ ಕೇಳಿದರೂ ಏಳಲಿಲ್ಲ.

"ಬಾಯಾರ, ನಿಮ್ಮನ್ನ ಕರಕೊಂಡ ಹೋಗಾಕ ಯಾರ ಬರ್ತಾರ?"

"ಯಾರೂ ಇಲ್ಲ ಕಣವ್ವ. ನಾನೇ ಹೋಗ್ತೀನಿ."

"ಎಲ್ಲಿಗೆ? ನಿಮ್ಮ ಊರಿಗೆ?"

ಹೌದು ಎನ್ನಲು ಬಾಯಿ ತೆರೆದೆ. ಇಲ್ಲ ಎನ್ನಲೂ ಬಹುದಿತ್ತು. ಆದರೆ ಈ ಹುಡುಗಿಗೆ ಒಮ್ಮೆ ಹೇಳಿದರೆ ಮುಗಿಯಿತು, ಹಾಗೇ ನಡೆಯಬೇಕು.

"ನಾಳೆ ಇಲ್ಲೇ ಇರ್ತೀನಿ" ಎಂದೆ. ಅಷ್ಟು ಖಂಡಿತ ಗೊತ್ತಿತ್ತು.