ಹದಿನಾರು ಪದ, ಒಬ್ಬ ಬೀಗಿತ್ತಿ

ಮೂವತ್ತು ವರ್ಷ ಗ್ರಂಥಪಾಲಕಿಯಾಗಿ ದುಡಿದವಳಿಗೆ ಹದಿನಾರು ಪದಗಳನ್ನು ನಾಲ್ಕು ಗುಂಪು ಮಾಡಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಜೇವರ್ಗಿಯ ನಮ್ಮ ಕಾಲೇಜಿಗೆ ಬೇವಿನ ಬಗ್ಗೆ ಪುಸ್ತಕ ಬಂದರೆ ಅದು ಕೃಷಿಯ ಕಪಾಟಿಗೋ ವೈದ್ಯದ ಕಪಾಟಿಗೋ ಎಂದು ಕಣ್ಣು ಮುಚ್ಚಿ ಹೇಳುವವಳು ನಾನು. ಅಂಥವಳನ್ನು ಅಂಗೈಯಗಲದ ಮೊಬೈಲು ದಿನಾ ಬೆಳಿಗ್ಗೆ ಚಹಾ ಆರುವುದರೊಳಗೆ ಫೇಲು ಮಾಡತೊಡಗಿತು.

ಆಟ ಇಷ್ಟೇ. ದಿನಕ್ಕೊಮ್ಮೆ ಹದಿನಾರು ಪದ ಬರುತ್ತವೆ. ಒಂದಕ್ಕೊಂದು ಹೊಂದುವ ನಾಲ್ಕು ನಾಲ್ಕನ್ನು ಹುಡುಕಬೇಕು. ನಾಲ್ಕು ತಪ್ಪಾದರೆ ಆಟ ಮುಗಿಯಿತು, ನಾಳೆ ಬಾ ಎನ್ನುತ್ತದೆ. ಕೊನೆಗೆ ನಾವು ಆರಿಸಿದ್ದು ಬಣ್ಣದ ಚೌಕಗಳಾಗಿ ಕಾಣುತ್ತದೆ. ಸಾಲೆಲ್ಲ ಒಂದೇ ಬಣ್ಣವಾದರೆ ಜಾಣರು, ಕಲಬೆರಕೆಯಾದರೆ ನಾನು.

ಇದನ್ನು ಕಲಿಸಿದವಳು ಅಫಜಲಪುರಕ್ಕೆ ಕೊಟ್ಟ ಮಗಳು ಭಾಗ್ಯ. "ಅವ್ವಾ, ಮೊದಲ ಕಣ್ಣಿಗೆ ಬಿದ್ದದ್ದು ಖರೇ ಇರಂಗಿಲ್ಲ. ಅದು ಬೀಸಿಟ್ಟ ಬಲಿ. ಒಳಗ ವಿಚಾರ ಮಾಡು" ಎಂದು ಗುರೂಪದೇಶವನ್ನೂ ಕೊಟ್ಟಳು. ಕೊಟ್ಟು ಸುಮ್ಮನಿರದೆ ವಾಟ್ಸಾಪಿನಲ್ಲಿ ಮೂವರ ಗುಂಪೊಂದನ್ನು ಮಾಡಿದಳು. ಅವಳು, ನಾನು, ಮತ್ತು ಅವಳ ಅತ್ತೆ ಶಾಂತಾಬಾಯಿ. ಅಂದರೆ ನನ್ನ ಬೀಗಿತ್ತಿ, ಎರಡು ವರ್ಷದಿಂದ ನನ್ನೊಡನೆ ಮಾತು ಬಿಟ್ಟವರು.

ಮುನಿಸಿನ ಕಾರಣ ಹೇಳಿದರೆ ನಗುತ್ತೀರಿ, ನಗಿ. ಮದುವೆಯಲ್ಲಿ ಬೀಗರ ಪಂಕ್ತಿಗೆ ನಾನೇ ಹೋಳಿಗೆ ಬಡಿಸುತ್ತಿದ್ದೆ. ಶಾಂತಾಬಾಯಿ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕ್ರಿ" ಎಂದರು. ನಾನು ನಂಬಿ ಮುಂದಿನ ಎಲೆಗೆ ಹೋದೆ. ಪುಸ್ತಕದ ಬೆನ್ನಿನ ಮೇಲೆ ರಸಾಯನಶಾಸ್ತ್ರ ಎಂದಿದ್ದರೆ ಒಳಗೂ ರಸಾಯನಶಾಸ್ತ್ರವೇ ಇರುತ್ತದೆಂದು ನಂಬುವ ವೃತ್ತಿ ನನ್ನದು! ಸಂಜೆಯ ಹೊತ್ತಿಗೆ ಅವರ ಮಾತು ಬಂಧುಬಳಗವೆಲ್ಲ ತಿರುಗಿ ನನ್ನ ಕಿವಿಗೆ ಬಂತು: "ಸಾಕು ಅಂದದ್ದಕ್ಕ ಖರೇನ ಬಿಟ್ಟು ಹ್ವಾದ್ರಲ್ರಿ! ಹಿಂಗೂ ಬೀಗತನ ಮಾಡ್ತಾರೇನ್ರಿ?"

ನನಗೂ ಸಿಟ್ಟು ಬಂತು. ಹಸಿದಿದ್ದರೆ ಸಾಕು ಎನ್ನುವುದೇಕೆ? ನಮ್ಮಜ್ಜಿ ಜಗತ್ತಿನ ಜನರನ್ನೆಲ್ಲ ಎರಡೇ ಗುಂಪು ಮಾಡಿದ್ದಳು: ಉಂಡವರು, ಇನ್ನೂ ಉಣ್ಣಬೇಕಾದವರು. ಅವಳಿದ್ದಿದ್ದರೆ ಶಾಂತಾಬಾಯಿ ಯಾವ ಗುಂಪೆಂದು ಮುಖ ನೋಡಿ ಹೇಳುತ್ತಿದ್ದಳು. ಅಜ್ಜಿಯ ಆ ವಿದ್ಯೆ ನನಗೆ ಬರಲಿಲ್ಲ.

ಇಬ್ಬರ ಬಿಗುವಿನಲ್ಲಿ ಸೊರಗಿದವಳು ಭಾಗ್ಯ. ಹಬ್ಬಕ್ಕೆ ಅಲ್ಲಿದ್ದರೆ ಇಲ್ಲಿ ಊದಿದ ಮುಖ, ಇಲ್ಲಿದ್ದರೆ ಅಲ್ಲಿ ಊದಿದ ಮುಖ. ಈ ಸಲದ ಎಳ್ಳ ಅಮಾವಾಸ್ಯೆಗಾದರೂ ಬೀಗರನ್ನು ಅಂದೋಲಾ ಊರಿನ ನಮ್ಮ ಹೊಲಕ್ಕೆ ಊಟಕ್ಕೆ ಕರೆಯಲೇಬೇಕೆಂದು ನನ್ನ ಜೀವವೂ ಒದ್ದಾಡುತ್ತಿತ್ತು. ಆದರೆ ಸೋತ ಬಾಯಲ್ಲಿ ಹೇಗೆ ಕರೆಯುವುದು? ಶಾಂತಾಬಾಯಿಯ ಚೌಕಗಳು ದಿನಾ ಇಸ್ತ್ರಿ ಮಾಡಿದ ಸೀರೆಯ ಹಾಗೆ ಅಚ್ಚುಕಟ್ಟು. ನನ್ನವು ಬಣ್ಣಬಣ್ಣದ ತುಂಡು ಹೊಲಿದ ಕೌದಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ ನನಗೆ ಮೀಸೆಯೂ ಇಲ್ಲ. ಒಂದೇ ಒಂದು ದಿನ ಅವರನ್ನು ಗೆದ್ದು, ಗೆದ್ದ ಠೀವಿಯಲ್ಲಿ ಫೋನು ಮಾಡಿ ಕರೆಯಬೇಕೆಂದು ಕಾದೆ. ಅಮಾವಾಸ್ಯೆಗೆ ಎರಡೇ ದಿನ ಉಳಿದವು.

ಆ ಬೆಳಿಗ್ಗೆ ಸಂತೆಯ ಚೀಟಿ ಬರೆದಿಟ್ಟು ಮೊಬೈಲು ತೆರೆದೆ. ಮೆಂತ್ಯ, ಕಡಲೆ, ಬದನೆ, ಗಜ್ಜರಿ, ಪಾಲಕ, ತೊಗರಿ, ಹೀರೆ, ಮೂಲಂಗಿ... ಸೊಪ್ಪು, ಕಾಳು, ಕಾಯಿ, ಗಡ್ಡೆ ಎಂದು ಮಗುವೂ ವಿಂಗಡಿಸುತ್ತಿತ್ತು. ಆದರೆ ನನಗೆ ಗುರೂಪದೇಶವಾಗಿತ್ತಲ್ಲ! ಮೊದಲ ಕಣ್ಣಿಗೆ ಬಿದ್ದದ್ದು ಬಲೆ. ಒಳಗೆ ವಿಚಾರ ಮಾಡಿದೆ, ಹೊಳೆಯಿತು: ಭಜ್ಜಿ! ಎಣ್ಣೆಯಲ್ಲಿ ಕರಿಯುವ ಭಜ್ಜಿಯಲ್ಲ, ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಸೊಪ್ಪು, ಕಾಳು, ಕಾಯಿ, ಗಡ್ಡೆ ಎಲ್ಲ ಕೂಡಿಸಿ ಕುದಿಸುವ ಪಲ್ಯ. ಒಂದೊಂದು ಜಾತಿಯಿಂದ ಒಂದೊಂದು ಆರಿಸಿ ಒತ್ತಿದೆ. ತಪ್ಪು. ಮೆಂತ್ಯದ ಬದಲು ಪಾಲಕ ಹಾಕಿದೆ. ತಪ್ಪು. ನಾಲ್ಕು ಸಲ ನಾಲ್ಕು ಥರದ ಭಜ್ಜಿ ಮಾಡಿದೆ, ನಾಲ್ಕೂ ತಳ ಹತ್ತಿದವು. ಇಷ್ಟು ಸುಲಭದ ದಿನ ಸೋತೆನಲ್ಲಾ ಎಂದು ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಶಾಂತಾಬಾಯಿಯ ಚೌಕಗಳು ಬಂದವು. ನಾಲ್ಕು ಸಾಲು, ಪ್ರತಿ ಸಾಲಿನಲ್ಲೂ ನಾಲ್ಕೂ ಬಣ್ಣ. ಥೇಟ್ ನನ್ನ ಕೌದಿ! ಠೀವಿ ಗೀವಿ ಮರೆತು ಫೋನು ಹಚ್ಚಿದೆ.

"ಅಕ್ಕಾರ, ಭಜ್ಜಿ ಮಾಡಾಕ ಹೋಗಿದ್ರೇನ್ರಿ?"

ಆ ಕಡೆಯಿಂದ ನಗು ಕೇಳಿತು. "ಹೌದ್ರಿ! ಮತ್ತೇನ್ ಮಾಡ್ಬೇಕ್ರಿ? ಬರೇ ಕಾಳು ಒಂದ್ ಕಡಿ, ಬರೇ ಗಡ್ಡಿ ಒಂದ್ ಕಡಿ ಇಟ್ರ ಅದು ಅಡಗಿ ಅನ್ನಸ್ತದೇನ್ರಿ? ಆಟ ಮಾಡಿದವ್ರಿಗೆ ಬುದ್ಧಿ ಇಲ್ಲ ನೋಡ್ರಿ."

"ನಾನೂ ಅದನ್ನ ಅನ್ನಾಕತ್ತಿದ್ದೆ" ಎಂದೆ. ಅದೇ ಉಸಿರಿನಲ್ಲಿ, "ನಾಡದು ಹೊಲಕ್ಕ ಬರ್ರಿ" ಎಂದೂ ಅಂದೆ.

ಬಂದರು. ಹೊಲದ ಬನ್ನಿ ಗಿಡದ ನೆರಳಿನಲ್ಲಿ ಊಟಕ್ಕೆ ಕೂತರು. ನಾನು ಭಜ್ಜಿಯ ಸೌಟು ಹಿಡಿದು ಅವರೆದುರು ನಿಂತೆ. ಭಾಗ್ಯ ನನ್ನನ್ನೇ ನೋಡುತ್ತಿದ್ದಳು.

"ಸಾಕ್ರಿ" ಎಂದರು ಶಾಂತಾಬಾಯಿ, ಕೈ ಅಡ್ಡ ಹಿಡಿದು. ಈ ಸಲ ಬೆರಳುಗಳನ್ನು ನೋಡಿದೆ. ನಡುವೆ ಒಂದು ಸೌಟು ಭಜ್ಜಿ ಇಳಿಯುವಷ್ಟು ಸಂದು ಬಿಟ್ಟಿದ್ದರು. ಇಳಿಸಿದೆ. "ಬ್ಯಾಡ್ರಿ" ಎಂದರು, ಹಾಕಿದೆ. "ಆತ್ರಿ" ಎಂದರು, ಹಾಕಿದೆ. "ಹೊಟ್ಟಿ ತುಂಬ್ಯದ್ರಿ" ಎಂದರು, ಅದಕ್ಕೂ ಹಾಕಿದೆ. ನಾಲ್ಕು ಮಾತು, ಒಂದೇ ಗುಂಪು. ಜೀವನದಲ್ಲಿ ಮೊದಲ ಸಲ ಒಂದೂ ತಪ್ಪಿಲ್ಲದೆ ಗೆದ್ದೆ.

ಆಮೇಲೆ ಶಾಂತಾಬಾಯಿ ಕೈ ತೊಳೆದು ಬಂದು, ನನ್ನನ್ನು ಕೂರಿಸಿ, ಸೌಟು ಕಸಿದುಕೊಂಡರು. ಎರಡನೇ ಸಲ ಬಡಿಸುವಷ್ಟರಲ್ಲೇ ನನ್ನ ಹೊಟ್ಟೆ ನಿಜವಾಗಿ ತುಂಬಿತ್ತು. ಸಾಕು ಎಂದೆ, ಬೇಡ ಎಂದೆ, ಕೈ ಮುಗಿದೆ. ಯಾರು ನಂಬಬೇಕು?