ಆರ್ಕಿಡ್‌ನ ಆರೋಗ್ಯ ವಿಚಾರಣೆ

ಮಲ್ಲಿಗೆ ಪ್ರಾಮಾಣಿಕ ಹೂವು. ಬೆಳಿಗ್ಗೆ ಮುಡಿದರೆ ಸಂಜೆಗೆ ಕಂದುತ್ತದೆ, ತನ್ನ ಕಥೆ ಮುಗಿಯಿತೆಂದು ಮೂಗಿಗೇ ತಿಳಿಸುತ್ತದೆ. ಆರ್ಕಿಡ್ ಹಾಗಲ್ಲ. ಬೇರು ಕೊಳೆತು ಎಷ್ಟೋ ದಿನಗಳಾದ ಮೇಲೂ ಅದರ ಹೂಗಳು ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಹಾಗೆ ನಗುತ್ತ ನಿಂತಿರುತ್ತವೆ. ಗಿಡ ಸಾಯುತ್ತಿದೆ ಎಂಬ ಸುದ್ದಿ ಹೂವಿಗೆ ಎಲ್ಲರಿಗಿಂತ ಕಡೆಗೆ ತಲುಪುತ್ತದೆ. ಇದು ನಾನು ಓದಿ ತಿಳಿದದ್ದಲ್ಲ. ಕೊಚ್ಚಿಯ ವೈಟ್ಟಿಲದ ಬಾಡಿಗೆ ಫ್ಲ್ಯಾಟಿನಲ್ಲಿ, ಒಂದು ಬೇಸಿಗೆ, ಬೇರೆಯವರ ಗಿಡವನ್ನು ಸಾಕುತ್ತ ಕಲಿತದ್ದು.

ಅದು ಎರಡು ಸಾವಿರದ ಆರೋ ಏಳೋ. ನಾನು ಡೈರಿ ಬರೆಯುವವಳು, ಆದ್ದರಿಂದ ಇಂಥದ್ದು ನನಗೆ ಖಚಿತವಾಗಿ ಗೊತ್ತಿರಬೇಕೆಂದು ಜನ ತಿಳಿಯುತ್ತಾರೆ. ಡೈರಿ ಬರೆಯುವವರಿಗೇ ಗೊತ್ತು ಅದರ ಬಣ್ಣ. ಆ ವರ್ಷದ ಪುಟಗಳಲ್ಲಿ ಸೆಕೆಯ ಬಗ್ಗೆ, ಬಸ್ಸಿನ ಬಗ್ಗೆ, ಐಟಿ ಪಾರ್ಕಿನ ಕ್ಯಾಂಟೀನಿನ ಸಾಂಬಾರಿನ ಬಗ್ಗೆ ಯಥೇಚ್ಛ ಇದೆ. ವಿಜಯಕ್ಕನ ಬಗ್ಗೆ ಏನೂ ಇಲ್ಲ. ಹಾಗಾಗಿ ಮುಂದೆ ಬರುವುದೆಲ್ಲ ನೆನಪಿನ ಸರಕು. ಅದಕ್ಕೆ ಎಷ್ಟು ಬೆಲೆಯೋ ಅಷ್ಟೇ ಕೊಡಿ.

ವಿಜಯಕ್ಕ ನನ್ನ ಮೇಲಿನ ಮಹಡಿಯಲ್ಲಿದ್ದವರು. ಕಾಸರಗೋಡಿನವರು, ಒಂಟಿ, ಕೋರ್ಟಿನಲ್ಲಿ ಕನ್ನಡ ಕಾಗದಪತ್ರಗಳನ್ನು ಮಲಯಾಳಕ್ಕೆ ತಿರುಗಿಸುವ ಕೆಲಸ. ನಾನು ಮೈಸೂರಿನವಳು. ಕಟ್ಟಡದಲ್ಲಿ ಕನ್ನಡ ಆಡುವವರು ನಾವಿಬ್ಬರೇ, ಆಡಿದ್ದರಲ್ಲಿ ಅರ್ಧ ಜಗಳ. ನನ್ನ ಮೈಸೂರಿನ ನಯ ಅವರಿಗೆ ಸೇರುತ್ತಿರಲಿಲ್ಲ. "ನೀನು ಕಾಫಿ ಬೇಡ ಅನ್ನುವುದಕ್ಕೂ ಮೂರು ಸಲ ನಗಬೇಕಾ?" ಎಂದು ಗದರುತ್ತಿದ್ದರು.

ಫೋರ್ಟ್ ಕೊಚ್ಚಿಯ ಹೋಟೆಲೊಂದರಲ್ಲಿ ವಿಜಯಕ್ಕನ ಸಹೋದ್ಯೋಗಿಯ ಮಗಳ ರಿಸೆಪ್ಷನ್ ಮುಗಿದಾಗ, ಮೇಜಿನ ಅಲಂಕಾರಕ್ಕಿಟ್ಟ ಆರ್ಕಿಡ್ ಕುಂಡಗಳನ್ನು ಎಂಜಲೆಲೆಯ ಜೊತೆ ಎತ್ತಿಹಾಕುತ್ತಿದ್ದರಂತೆ. ಒಂದನ್ನು ಇವರು ಸೆರಗಿನಲ್ಲಿ ಮುಚ್ಚಿಕೊಂಡು ಫೆರ್ರಿಯಲ್ಲಿ ತಂದರು. ಬಿಳಿಯ ಹೂ, ಚಿಟ್ಟೆಗಳ ಸಾಲು ಒಂದು ಕಡ್ಡಿಯ ಮೇಲೆ ಕೂತ ಹಾಗೆ. ನಾನು ಜಾಣತನ ತೋರಿಸಲು "ಬಂದಳಿಕೆ ಜಾತಿ, ಅಲ್ವಾ?" ಎಂದೆ. "ಬಂದಳಿಕೆ ಮರದ ರಕ್ತ ಕುಡಿಯುತ್ತದೆ. ಇದು ಬರೀ ಕೂತುಕೊಳ್ಳುತ್ತದೆ. ನೆಂಟರಿಗೂ ಬಾಡಿಗೆಯವರಿಗೂ ವ್ಯತ್ಯಾಸ ಇಲ್ಲವಾ?" ಎಂದು ಬಾಯಿ ಮುಚ್ಚಿಸಿದರು.

ಮಾರ್ಚಿನಲ್ಲಿ ಅವರಿಗೆ ಹೊಟ್ಟೆನೋವು ಹೆಚ್ಚಾಯಿತು. ತಿರುವನಂತಪುರದಲ್ಲಿರುವ ತಮ್ಮ ಸುರೇಶ ಬಂದು, ಅಲ್ಲಿ ದೊಡ್ಡ ಆಸ್ಪತ್ರೆಯಿದೆಯೆಂದು ಕರೆದುಕೊಂಡು ಹೋದರು. ಹೊರಡುವಾಗ ಕುಂಡ ನನ್ನ ಕೈಗೆ ಬಂತು. ಕೆಲವು ದಿನಗಳ ಮೇಲೆ ಸುರೇಶ ಫೋನು ಮಾಡಿ ಕಾಯಿಲೆಯ ಹೆಸರು ಹೇಳಿದರು, ಯಕೃತ್ತಿಗೂ ಹಬ್ಬಿದೆ ಎಂದರು, ಆಮೇಲೆ ದನಿ ಇಳಿಸಿ, "ಅಕ್ಕನಿಗೆ ಗೊತ್ತಿಲ್ಲ. ಅಲ್ಸರ್ ಅಂತ ಹೇಳಿದ್ದೇವೆ. ನೀವೂ ಎಂತದೂ ಹೇಳಬೇಡಿ" ಎಂದರು. ಹೂಂ ಎಂದೆ. ನಮ್ಮಲ್ಲಿ ಇದು ಪದ್ಧತಿ. ಕಾಯಿಲೆಯ ಹೆಸರು ಷಡ್ಡಕನ ನೆರೆಮನೆಯವರಿಗೂ ಗೊತ್ತಿರಬಹುದು; ಕಾಯಿಲೆ ಯಾರದೋ ಅವರೊಬ್ಬರಿಗೆ ತಿಳಿಯಬಾರದು. ಇದನ್ನು ಪ್ರೀತಿ ಎನ್ನುತ್ತೇವೆ. ಪ್ರೀತಿಯೂ ಹೌದೇನೋ.

ಇತ್ತ ನಾನು ಆರ್ಕಿಡ್‌ನ ಮೇಲೆ ನನ್ನ ಪ್ರೀತಿ ಸುರಿಯತೊಡಗಿದೆ, ಅಕ್ಷರಶಃ. ನಮ್ಮವರಿಗೆ ನೀರು ಹಾಕುವುದೆಂದರೆ ನೆತ್ತಿಯ ಮೇಲೆ. ದೇವರಿಗೆ, ಮಗುವಿಗೆ, ತುಳಸಿಗೆ ಎಲ್ಲಕ್ಕೂ ಒಂದೇ ವಿಧಿ. ಕೊಚ್ಚಿಯ ಏಪ್ರಿಲ್, ಗೋಡೆಯೇ ಬೆವರುವ ಕಾಲ. ಪಾಪ, ತಂಪಾಗಲಿ ಎಂದು ದಿನಾ ಸ್ನಾನವಾದ ಮೇಲೆ ಒಂದು ಚೊಂಬು. ಈ ಗಿಡಕ್ಕೋ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ. ಫೋನಿನಲ್ಲಿ ವಿಷಯ ತಿಳಿದ ವಿಜಯಕ್ಕ, "ಅಭಿಷೇಕ ಮಾಡಲಿಕ್ಕೆ ಅದೇನು ಶಿವಲಿಂಗವಾ? ಹತ್ತಿ ತಕ್ಕೊಂಡು ಒರೆಸು ಮೊದಲು!" ಎಂದು ಕೂಗಿದರು. ಒರೆಸಿದೆ. ಕಿಟಕಿಯ ಬಳಿ ಇಟ್ಟೆ, ಎಲೆ ಸುಟ್ಟಿತು. ಏಸಿ ಕೋಣೆಯಲ್ಲಿಟ್ಟೆ, ಮೊಗ್ಗು ಒಣಗಿತು. ಬಚ್ಚಲುಮನೆಯ ಮಬ್ಬಿನಲ್ಲಿ ಮಾತ್ರ ಸ್ವಲ್ಪ ಸಮಾಧಾನದಿಂದಿತ್ತು. ನಾನು ಬಕೆಟ್ಟಿಗೂ ಗಿಡಕ್ಕೂ ನಡುವೆ ಮುದುಡಿಕೊಂಡು, ಅತಿಥಿಗೆ ಸಿಡಿಯದ ಹಾಗೆ ಸ್ನಾನ ಮಾಡುವುದನ್ನು ಅಭ್ಯಾಸ ಮಾಡಿಕೊಂಡೆ.

ಪ್ರತಿ ಭಾನುವಾರ ವಿಜಯಕ್ಕನ ಫೋನು. ಒಂದು ಸಲ ಕೇಳಿದರು, "ಹೇಗುಂಟು?"

"ಚೆನ್ನಾಗಿದೆ ಅಕ್ಕ."

"ಚೆನ್ನಾಗಿದೆ ಅಂದರೆ ಎಂತ? ಹೂ ಬಿತ್ತಾ?"

ನಾನು ತಡವರಿಸಿದೆ. ಆ ಕಡೆ ಉಸಿರು ಕೇಳಿಸಿತು. "ಇಲ್ಲಿ ಬೆಳಗ್ಗೆಯಿಂದ ಎಲ್ಲರೂ ಅದನ್ನೇ ಹೇಳುವುದು. ಡಾಕ್ಟರು ಚೆನ್ನಾಗಿದೆ ಅಂತಾರೆ. ನರ್ಸು 'ಸಾರಮಿಲ್ಲ ಚೇಚಿ', ಏನೂ ಆಗಿಲ್ಲ ಅಕ್ಕ, ಅಂತಾಳೆ. ಸುರೇಶ ಗೋಡೆ ನೋಡಿಕೊಂಡು ಹೇಳ್ತಾನೆ. ಒಂದು ಗಿಡದ ವಿಷಯವಾದರೂ ನನಗೆ ಇದ್ದ ಹಾಗೆ ಹೇಳು ಮಾರಾಯ್ತಿ."

ಅಂದಿನಿಂದ ಇದ್ದ ಹಾಗೆ ಹೇಳಿದೆ. ಕೆಳಗಿನ ಎಲೆ ಹಳದಿಯಾಯಿತು. ಕಡ್ಡಿಯ ತುದಿಯ ಹೂ ಉದುರಿತು. ಇನ್ನೊಂದೂ ಉದುರಿತು. ಅವರು "ಹ್ಞೂಂ, ಸರಿ" ಎನ್ನುತ್ತಿದ್ದರು, ಸಾಕ್ಷಿಯ ಹೇಳಿಕೆ ಬರೆದುಕೊಳ್ಳುವವರ ಹಾಗೆ. ವಿಚಿತ್ರವೆಂದರೆ ಕೆಟ್ಟ ಸುದ್ದಿ ಹೇಳಿದಷ್ಟೂ ಅವರ ದನಿ ಹಗುರಾಗುತ್ತಿತ್ತು. ಅಥವಾ ಹಾಗಿತ್ತೆಂದು ಈಗ ನನಗೆ ಅನಿಸುತ್ತಿದೆ. ಹಗುರಾದದ್ದು ನನ್ನದೇ ಇರಬಹುದು.

ಮೇ ಕೊನೆಗೆ ಸುರೇಶ, "ಒಮ್ಮೆ ಬಂದು ಹೋಗಿ" ಎಂದರು. ಆ ವಾಕ್ಯಕ್ಕೆ ಅರ್ಥ ಹೇಳಬೇಕಾಗಿಲ್ಲ. ಬೆಳಗಿನ ರೈಲು ಹಿಡಿದು ಹೋದೆ. ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟಿದ್ದರು. ಗೇಟಿನಲ್ಲೇ ಸುರೇಶ, "ಔಷಧಿ ನಿಲ್ಲಿಸಿದ್ದಾರೆ. ಅಕ್ಕನಿಗೆ ವಿಶ್ರಾಂತಿ ಅಂತ ಹೇಳಿದ್ದೇವೆ. ನಗ್ತಾ ಮಾತಾಡಿ" ಎಂದರು. ನಗುವುದರಲ್ಲಿ ಮೈಸೂರಿನವರು ಪ್ರವೀಣರೆಂದು ಅವರಿಗೂ ಯಾರೋ ಹೇಳಿರಬೇಕು.

ವಿಜಯಕ್ಕ ಮಂಚದಲ್ಲಿ ಇಷ್ಟೇ ಇಷ್ಟಾಗಿದ್ದರು. ನನ್ನ ಕ್ಷೇಮ ಕೇಳಲಿಲ್ಲ. "ಬೇರು ನೋಡಿದೆಯಾ?" ಎಂದರು.

"ನೋಡಿದೆ."

"ಬೆರಳಲ್ಲಿ ಒತ್ತಿ?"

"ಒತ್ತಿ ನೋಡಿದೆ. ಒಳಗೆ ಏನೂ ಇಲ್ಲ ಅಕ್ಕ. ಎಲ್ಲ ಪೊಳ್ಳು. ಸಿಪ್ಪೆ ಕೈಗೆ ಬಂತು. ಮೇಲೆ ಒಂದು ಹೂ ಇನ್ನೂ ಇದೆ, ಆದರೆ ಗಿಡ ಉಳಿಯುವುದಿಲ್ಲ."

ಅವರು ತಲೆಯಾಡಿಸಿದರು. ಸೆಕೆಗಾಳಿಯಲ್ಲಿ ಫ್ಯಾನು ತಿರುಗುತ್ತಿತ್ತು. ಅಡುಗೆಮನೆಯಲ್ಲಿ ಸುರೇಶನ ಹೆಂಡತಿ ಮಲಯಾಳದಲ್ಲಿ ಯಾರಿಗೋ ಮೆಲ್ಲಗೆ ಏನೋ ಹೇಳುತ್ತಿದ್ದರು.

"ಈಗ ನನ್ನದು ಹೇಳು," ಎಂದರು ವಿಜಯಕ್ಕ. "ಅದೇ ಸ್ವರದಲ್ಲಿ."

ನಾನು ಬಾಗಿಲ ಕಡೆ ನೋಡಿದೆ. ಸುರೇಶನಿಗೆ ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ, ಬೇರೆಯವರ ಆಸ್ತಿಪಾಸ್ತಿ, ಹೊಡೆದಾಟ, ಸಾವುಗಳನ್ನು ಒಂದಕ್ಷರ ಬಿಡದೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಆಯುಷ್ಯ ಕಳೆದ ಹೆಂಗಸು ತನ್ನದೊಂದು ಸಂಗತಿ ಕೇಳುತ್ತಿದ್ದಳು. ಹೇಳಿದೆ. ಕಾಯಿಲೆಯ ಹೆಸರು ಹೇಳಿದೆ, ಎಲ್ಲಿಗೆ ಹಬ್ಬಿದೆ ಎಂದು ಹೇಳಿದೆ, ಔಷಧಿ ನಿಲ್ಲಿಸಿದ್ದು ಯಾಕೆಂದು ಹೇಳಿದೆ. ಸ್ವರ ಅದೇ ಇತ್ತೋ ಇಲ್ಲವೋ ಆಣೆ ಮಾಡಲಾರೆ. ನಗಲಿಲ್ಲ ಎಂಬುದು ಮಾತ್ರ ನಿಜ.

ಅವರು ಕಣ್ಣು ಮುಚ್ಚಿಕೊಂಡರು. "ಅಲ್ಸರ್ ಅಂತೆ," ಎಂದರು. "ಅಲ್ಸರಿಗೆ ಮಂಗಳೂರಿನ ಚಿಕ್ಕಮ್ಮ ರೈಲು ಹತ್ತಿ ಬರ್ತಾಳಾ?"

ಸುರೇಶ ಲೋಟದಲ್ಲಿ ಗಂಜಿ ತಿಳಿ ಹಿಡಿದು ಬಾಗಿಲಿಗೆ ಬಂದರು. ನನ್ನ ಮುಖ ನೋಡಿ ಅಲ್ಲೇ ನಿಂತರು. ಅವರ ಕಣ್ಣಲ್ಲಿ ಬಂದದ್ದು ಸಿಟ್ಟು; ನನಗೆ ಅದು ಸಲ್ಲಬೇಕಾದದ್ದೇ.

"ಇವಳು ಹೇಳಿದಳು ಸುರೇಶಾ. ನಾನೇ ಕೇಳಿದೆ," ಎಂದರು ವಿಜಯಕ್ಕ. ಆಮೇಲೆ, ಚಿಕ್ಕ ಹುಡುಗನನ್ನು ಕರೆಯುವ ಹಾಗೆ ಮಂಚದ ಅಂಚನ್ನು ತಟ್ಟಿದರು. "ಇನ್ನು ನೀನು ಅಳಲಿಕ್ಕೆ ಹಿತ್ತಲಿಗೆ ಹೋಗುವುದು ಬೇಡ. ಇಲ್ಲಿ ಕೂತು ಅಳು. ನನಗೂ ಒಬ್ಬಳೇ ಅಳಲಿಕ್ಕೆ ಬೇಜಾರು."

ಸತ್ಯ ಹೇಳಿಬಿಟ್ಟ ಮೇಲೆ ಏನು ಮಾಡಬೇಕೆಂದು ಯಾರೂ ಕಲಿಸಿಕೊಡುವುದಿಲ್ಲ. ನಾನು ಸುರೇಶನ ಕೈಯಿಂದ ಲೋಟ ತೆಗೆದುಕೊಂಡೆ, ಅವರಿಗೆ ಕೂರಲು ಜಾಗವಾಗಲೆಂದು ಎದ್ದು ನಿಂತೆ.